ಹೆಸರಿಲ್ಲದ ಡಬ್ಬಿಯ ಯಜಮಾನ

ಇಂಡೊನೇಷ್ಯಾದ ಸೊಲೊ ಊರಿನ ನಮ್ಮ ಗಲ್ಲಿಯಲ್ಲಿ ಹೊಲಿಗೆ ಯಂತ್ರ ಕೆಟ್ಟರೆ ಜನ ನನ್ನನ್ನು ಕರೆಯುತ್ತಾರೆ. ಬೇರೇನು ಕೆಟ್ಟರೂ ಕರೆಯುವುದಿಲ್ಲ. ಆದರೂ ನಾನು ಹೋಗುತ್ತೇನೆ. ಸುನರ್ಯೊ ಎಂಬ ನನ್ನ ಬದುಕನ್ನು ಇಷ್ಟರಲ್ಲೇ ಹೇಳಿ ಮುಗಿಸಬಹುದಿತ್ತು, ಆ ರೌಟರ್ ಬರದೇ ಇದ್ದಿದ್ದರೆ.

ಗಲ್ಲಿಯ ಹೆಂಗಸರು ಚೀಟಿ ಹಾಕಿ, ಮನೆಗೊಂದರಂತೆ ಒಟ್ಟಿಗೆ ತರಿಸಿದ ಬಿಳಿ ಡಬ್ಬಿಗಳವು. ಯಾವುದರ ಮೇಲೂ ಕಂಪನಿಯ ಹೆಸರಿಲ್ಲ. ಎಲ್ಲದರ ವೈಫೈ ಹೆಸರೂ ಒಂದೇ, ಪಾಸ್‌ವರ್ಡೂ ಒಂದೇ. ಬದಲಿಸುವ ಗೋಜಿಗೆ ಯಾರೂ ಹೋಗಲಿಲ್ಲ. ನಮ್ಮ ಮನೆಯಲ್ಲಿ ಸಿಗ್ನಲ್ ಬಚ್ಚಲ ಬಾಗಿಲಿಗೆ ಬಂದು ನಿಂತುಬಿಡುತ್ತಿತ್ತು. ನಾನು ಮಲಗಿ ಫುಟ್‌ಬಾಲ್ ನೋಡುವುದು ಹಿತ್ತಲ ಜಗಲಿಯಲ್ಲಿ.

ಉಪವಾಸದ ತಿಂಗಳು. ಹೊಟ್ಟೆ ಖಾಲಿಯಿದ್ದರೆ ನನ್ನ ತಲೆ ಬಹಳ ಓಡುತ್ತದೆ, ಎತ್ತ ಅಂತ ಕೇಳಬಾರದು. ನಮ್ಮ ಡಬ್ಬಿಯನ್ನು ಸರಿಮಾಡಿಬಿಡೋಣ ಅಂತ ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ಜಗಲಿಯಲ್ಲಿ ಕೂತೆ. ಅವತ್ತು ಸಿಗ್ನಲ್ ಅಲ್ಲಿಯೂ ಚೆನ್ನಾಗಿಯೇ ಸಿಕ್ಕಿತು. ಯಾಕೆ ಅಂತ ಯೋಚಿಸುವ ಅಭ್ಯಾಸ ನನಗಿಲ್ಲ.

"ಮಾಸ್, ಅದರ ತಂಟೆಗೆ ಹೋಗ್ಬೇಡಿ," ಅಂದಳು ಹೆಂಡತಿ ಲಾಸ್ತ್ರಿ. ನಮ್ಮ ಕಡೆ ಗಂಡನಿಗೆ ಮಾಸ್, ಹಿರಿಯ ಹೆಂಗಸರಿಗೆ ಬು ಅನ್ನುತ್ತೇವೆ. "ಪಕ್ಕದ ಮನೆ ಬು ವಗಿಯೆಮ್ ನಾಲ್ಕು ಗಂಟೆಗೆ ಫೋನಲ್ಲಿ ಲೈವ್ ಬಂದು ಬಟ್ಟೆ ಮಾರ್ತಾರೆ. ಹಬ್ಬಕ್ಕೆ ಹೊಲಿಸಿದ ಬಾಟಿಕ್ ನೈಟಿ ಎಲ್ಲ ಇವತ್ತೇ ಹೋಗ್ಬೇಕು. ಇಲ್ಲಾಂದ್ರೆ ಹೊಲಿದ ಹುಡ್ಗೀರು ಬರಿಗೈಲಿ ಊರಿಗೆ ಹೋಗ್ಬೇಕಾಗುತ್ತೆ."

"ಅವರ ನೈಟಿಗೂ ನನ್ನ ರೌಟರ್‌ಗೂ ಏನೇ ಸಂಬಂಧ?"

ಇಂಟರ್ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮ ಬರೆದಿಟ್ಟಿದ್ದ ಗುಪ್ತ ಪಾಸ್‌ವರ್ಡ್ ಒತ್ತಿದೆ. ಡಬ್ಬಿ ಒಳಗೆ ಬಿಟ್ಟುಕೊಂಡಿತು. ರೂಟ್! ಅಂದರೆ ಇನ್ನು ನಾನೇ ಅದರ ಯಜಮಾನ. ಮನೆಯಲ್ಲಿ ಎಲ್ಲೂ ಸಿಗದ ಪದವಿ. ನಾನೇನು ದಡ್ಡನಲ್ಲ ನೋಡಿ, ಮೊದಲು ಡಬ್ಬಿಯನ್ನು ನಡೆಸುವ ಫರ್ಮ್‌ವೇರ್ ಪೂರ್ತಿ ಲ್ಯಾಪ್‌ಟಾಪಿಗೆ ನಕಲು ಮಾಡಿಟ್ಟೆ. ಆಮೇಲೆ ಒಳಗೆ ಬಂದವರಿಗೆ ಕಾಣುವ ಹಾಗೆ "ಯಜಮಾನ ನರ್ಯೊ ಅವರಿಗೆ ಸ್ವಾಗತ" ಅಂತ ಬರೆದೆ. ಕೊನೆಗೆ ಸಿಗ್ನಲ್ ಹೆಚ್ಚಿಸಲು ಒಂದು ಅಂಕಿ ತಿದ್ದಿದೆ.

ವೈಫೈ ಸತ್ತೇ ಹೋಯಿತು. ಅದೇ ಹೊತ್ತಿಗೆ ಗೋಡೆಯಾಚೆ ಕಿರುಚಾಟ.

"ಅಯ್ಯೋ, ಲೈವ್ ನಿಂತೋಯ್ತು! ನರ್ಯೊ, ಬಾರಪ್ಪ ಇಲ್ಲಿ!"

ಹೊಲಿಗೆ ಯಂತ್ರ ಅಲ್ಲದ್ದಕ್ಕೆ ಬಂದ ಮೊದಲ ಕರೆ! ಎದೆಯುಬ್ಬಿಸಿಕೊಂಡು ಹೋದೆ. ನೈಟಿ ರಾಶಿಯ ಹಿಂದೆ ಹುಡುಗಿಯರಿಬ್ಬರು ಮುಖ ಬಾಡಿಸಿಕೊಂಡು ಕೂತಿದ್ದರು. ಅವರ ಡಬ್ಬಿಗೆ ತಂತಿ ಹಾಕಿ ಲ್ಯಾಪ್‌ಟಾಪ್ ತೆರೆದೆ.

"ಯಜಮಾನ ನರ್ಯೊ ಅವರಿಗೆ ಸ್ವಾಗತ."

ಇಡೀ ಮಧ್ಯಾಹ್ನ ನಾನು ಯಜಮಾನಿಕೆ ನಡೆಸಿದ್ದು ಪಕ್ಕದ ಮನೆಯ ಡಬ್ಬಿಯ ಮೇಲೆ.

"ಏನಾಗಿದೆಯೋ?" ಬು ವಗಿಯೆಮ್ ಹೆಗಲ ಮೇಲಿಂದ ಬಗ್ಗಿದರು.

"ಯಾರೋ ಒಳಗೆ ಕೈಯಾಡಿಸಿದಾರೆ, ಬು."

"ಯಾವ ಕತ್ತೆ ಅದು?"

"ಯಾವುದೋ... ಕತ್ತೆಯಂತೂ ಹೌದು."

ಆ ಹುಡುಗಿಯರ ಕಡೆ ನೋಡಲು ನಾಚಿಕೆಯಾಯಿತು. ನಕಲನ್ನು ಡಬ್ಬಿಗೆ ವಾಪಸ್ ಬರೆಯುತ್ತಾ, ಅದು ಮುಗಿಯುವ ತನಕ ನನಗೆ ಗೊತ್ತಿದ್ದ ಪ್ರಾರ್ಥನೆಯನ್ನೆಲ್ಲ ಹೇಳಿದೆ. ದೀಪ ಹಸಿರಾಯಿತು. ಲೈವ್ ಮತ್ತೆ ಶುರು.

"ನಮ್ಮ ನರ್ಯೊ ಇಲ್ದಿದ್ರೆ ಏನ್ ಗತಿಯಾಗ್ತಿತ್ತೋ!" ಅಂದರು ಬು ವಗಿಯೆಮ್, ಫೋನಿಗೆ. ನಾನು ವಿನಯದಿಂದ ತಲೆ ತಗ್ಗಿಸಿದೆ.

ಲಾಸ್ತ್ರಿ ನಮ್ಮ ಡಬ್ಬಿ ಹಿಡಿದುಕೊಂಡು ನೇರ ಕ್ಯಾಮರಾ ಮುಂದೆಯೇ ಬಂದಳು. "ಮಾಸ್, ಬೆಳಗಿನ ಜಾವ ಅನ್ನದ ಕುಕ್ಕರ್ ಹಾಕೋಕೆ ಇದರ ಪ್ಲಗ್ ನಾನೇ ತೆಗ್ದಿದ್ದೆ. ಇನ್ನೂ ಹಾಕೇ ಇಲ್ಲ. ನೀವು ಇಷ್ಟೊತ್ತು ಯಾವುದನ್ನ ಸರಿ ಮಾಡ್ತಿದ್ರಿ?"

ಇಡೀ ಗಲ್ಲಿ ಆ ಲೈವ್ ನೋಡುತ್ತಿತ್ತು.

ಬು ವಗಿಯೆಮ್ ಸಿಟ್ಟಾಗಲಿಲ್ಲ. ರಾಶಿಯಿಂದ ಎಲ್ಲಕ್ಕಿಂತ ದೊಡ್ಡ ನೈಟಿ ಎಳೆದರು. "ಹಾಕ್ಕೊಳ್ಳಿ, ಯಜಮಾನ್ರೇ."

"ಬು, ನಿಮಗೆ ಆಗಲೇ..."

"ಕನ್ನಡಕ ಹಾಕ್ಕೊಂಡೇ ಇದ್ನಲ್ಲಪ್ಪ. ಡಬ್ಬಿ ಸರಿಯಾಗ್ಲಿ ಅಂತ ಸುಮ್ನಿದ್ದೆ." ಆಮೇಲೆ ಫೋನಿನ ಕಡೆ ತಿರುಗಿದರು. "ನೋಡ್ರಮ್ಮಾ, ಇಂಥ ಹೊಟ್ಟೆಗೂ ಹಿಡಿಯುತ್ತೆ!"

ಸೂರ್ಯ ಮುಳುಗಿ ಮಗ್ರಿಬ್ ಆಜಾನ್ ಆಗುವ ಹೊತ್ತಿಗೆ ರಾಶಿ ಖಾಲಿ. ಹುಡುಗಿಯರು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಉಳಿದದ್ದು ನನ್ನ ಮೈಮೇಲಿದ್ದದ್ದು ಒಂದೇ. ಅದಕ್ಕೂ ಗಿರಾಕಿ ಸಿಕ್ಕಿದರು, ಬು ವಗಿಯೆಮ್ ಅದನ್ನೂ ಬಿಚ್ಚಿಸಿಕೊಂಡು ಪ್ಯಾಕ್ ಮಾಡಿದರು.