ಮಂಚಯ್ಯನ ಮೂಗು

ಮಂಚಯ್ಯನ ಮೂಗನ್ನು ಹಾಳು ಮಾಡಿದವರಲ್ಲಿ ನಾನೂ ಒಬ್ಬ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸಾಚಾನ ಹಾಗೆ ಕೂತು ಬೇರೆಯವರನ್ನು ಬೈಯುವುದು ನನಗೇ ಹೇಸಿಗೆ.

ಕಿಕ್ಕೇರಿ ಕಡೆಯ ಮಂಚಯ್ಯ ಇಪ್ಪತ್ತೆಂಟು ವರ್ಷ ಬೋರ್‌ವೆಲ್ ಲಾರಿಯಲ್ಲಿ ದುಡಿದವನು. ಕೊರೆಯುವಾಗ ಮೇಲೆ ಬಂದ ಮಣ್ಣನ್ನು ಅಂಗೈಯಲ್ಲಿ ಉಜ್ಜಿ, ಮೂಗಿಗೆ ಹಿಡಿದು ಉದ್ದಕ್ಕೆ ಉಸಿರೆಳೆಯುತ್ತಿದ್ದ. "ಇನ್ನಿಪ್ಪತ್ತಡಿ ಓಗ್ಲಿ" ಎಂದರೆ ಇಪ್ಪತ್ತಡಿಗೆ ನೀರು. ಹತ್ತರಲ್ಲಿ ಮೂರು ಸಲ ತಪ್ಪುತ್ತಿತ್ತು, ಅದನ್ನು ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ನಾಗಮಂಗಲದವರೆಗೂ ರೈತರು "ಮೂಸೋ ಮಂಚಯ್ಯ ಬಂದ್ರೆ ಮಾತ್ರ ಲಾರಿ ಕಳ್ಸಿ" ಎನ್ನುತ್ತಿದ್ದರು.

ಪಾಂಡವಪುರದ ಆಚೆ ಬಣ್ಣದ ಕಾರ್ಖಾನೆಯೊಂದು ಮುಚ್ಚಿಹೋಗಿತ್ತು. ಅದರ ಮಾಲೀಕರು ಪೀಪಾಯಿಗಟ್ಟಲೆ ಹೊಲಸನ್ನು ಅಲ್ಲೇ ನೆಲದಲ್ಲಿ ಹೂತು ಕೈತೊಳೆದುಕೊಂಡಿದ್ದರು. ಪಕ್ಕದ ಹಳ್ಳಿಯ ಬೋರ್‌ವೆಲ್ ನೀರು ನಾತ ಹೊಡೆಯತೊಡಗಿ ಅದಕ್ಕೆ ಬೀಗ ಬಿತ್ತು. ವಿಷ ಎಲ್ಲಿಯವರೆಗೆ ಹರಡಿದೆ ಎಂದು ಒಂಬತ್ತು ಕಡೆ ಕೊರೆದು ನೋಡುವುದು, ಹಳ್ಳಿ ಕಡೆಯ ಬೇಲಿಯ ಹತ್ತಿರದ ಮಣ್ಣು ಶುದ್ಧವಿದ್ದರೆ ಬೀಗ ತೆಗೆಯುವುದು ಎಂದಾಯಿತು. ಗುತ್ತಿಗೆ ಎಲ್ಲಿಯದೋ ಒಂದು ಸಣ್ಣ ಕಂಪನಿಗೆ ಸಿಕ್ಕಿತು. ಮಂಚಯ್ಯ ಕೊರೆಯುವವನು, ಡಿಪ್ಲೊಮಾ ಮುಗಿಸಿದ್ದ ನಾನು ಬರೆದುಕೊಳ್ಳುವವನು.

ಮೊದಲ ದಿನ ಫಿಲ್ಟರ್ ಇರುವ ಮಾಸ್ಕು, ಕೈಗವಸು, ಬೂಟು ಎಲ್ಲ ಬಂದವು. ಹಾಕಿಸಿ, ಸಾಲಾಗಿ ನಿಲ್ಲಿಸಿ ಫೋಟೊ ತೆಗೆದರು. ಫೋಟೊ ಮುಗಿದದ್ದೇ ಕಂಪನಿಯ ಇಂಜಿನಿಯರ್ ಎಲ್ಲವನ್ನೂ ಬಿಚ್ಚಿಸಿ ಜೀಪಿಗೆ ತುಂಬಿಸಿದ. ಇನ್ನೊಂದು ಸೈಟಿನಲ್ಲೂ ಫೋಟೊ ಆಗಬೇಕಿತ್ತಂತೆ. ಥೂ. ಗುಂಡಿಯಿಂದ ಏಳುವ ಅನಿಲ ಅಳೆಯುವ ಯಂತ್ರವೋ, ಕೆಟ್ಟು ಕೂತಿತ್ತು. ಅಷ್ಟರಲ್ಲಿ ಮಂಚಯ್ಯ ಅಭ್ಯಾಸಬಲದಿಂದ ಮೊದಲ ಹಿಡಿ ಮಣ್ಣನ್ನು ಮೂಸಿ ಕೆಮ್ಮತೊಡಗಿದ.

"ಥಿನ್ನರ್ ವಾಸ್ನೆ ಸಾ. ಗಂಟ್ಲು ಉರೀತದೆ" ಎಂದ.

ಇಂಜಿನಿಯರ್ ಕಣ್ಣರಳಿಸಿದ. "ನಿಮ್ಮ ಮೂಗು ಇರೋವಾಗ ಯಂತ್ರ ಯಾಕ್ರೀ ಮಂಚಯ್ಯ?"

ಅಷ್ಟು ಹೊಗಳಿಕೆಗೇ ಆ ಬಡಪಾಯಿ ಉಬ್ಬಿಹೋದ. ಐದಡಿಗೊಂದು ಹಿಡಿ ಮಣ್ಣು, ಹಿಡಿಗೊಂದು ಉದ್ದ ಉಸಿರು. ಅವನು "ಅದೆ" ಎಂದರೆ ಡಬ್ಬಿಗೆ ತುಂಬಿ ಪರೀಕ್ಷೆಗೆ ಕಳಿಸುವುದು, "ಇಲ್ಲ" ಎಂದರೆ ಗುಂಡಿಗೇ ವಾಪಸ್ ಸುರಿಯುವುದು. ಎರಡನೆಯ ಸಂಜೆ ತಲೆ ಸಿಡಿಯುತ್ತಿದೆ ಎಂದು ಹಣೆಗೆ ಟವೆಲ್ ಬಿಗಿದುಕೊಂಡ. ಮೂರನೆಯ ಮಧ್ಯಾಹ್ನದಿಂದ ಬರೀ ಇದೇ ಮಾತು: "ಬರ್ಕೊ ಮಗ, ಏನೂ ಇಲ್ಲ."

ಹತ್ತು ಮಾರು ದೂರದಲ್ಲಿ ಮೇಜಿನ ಮುಂದೆ ಕೂತಿದ್ದ ನನಗೆ ನಾತ ಬಡಿಯುತ್ತಿತ್ತು. "ಸಾರ್, ವಾಸನೆ ಬರ್ತಿದೆಯಲ್ಲ" ಎಂದೆ.

"ಅದು ಹಳೇ ಗುಂಡಿಗಳದ್ದು. ಅವರದು ಇಪ್ಪತ್ತೆಂಟು ವರ್ಷದ ಅನುಭವ, ನಿಮ್ಮದೆಷ್ಟು? ಬರೀರಿ" ಎಂದ ಇಂಜಿನಿಯರ್.

ಬರೆದೆ. ಬೇಲಿಯ ಪಕ್ಕದ ಒಂಬತ್ತನೆಯ ಗುಂಡಿಯವರೆಗೂ "ವಾಸನೆ ಇಲ್ಲ" ಎಂದು ದುಂಡಗೆ ಬರೆದೆ. ನನ್ನ ಕೈಗಿಷ್ಟು ಬೆಂಕಿ ಹಾಕ.

ತಿಂಗಳ ಮೇಲೆ ಕಿಕ್ಕೇರಿ ಕಡೆ ಹೋದವನು ಅವನ ಮನೆಗೂ ಹೋದೆ. ಬಾಗಿಲಲ್ಲೇ ಸೀದ ವಾಸನೆ. ಅವನ ಹೆಂಡತಿ ಸಿದ್ದಲಿಂಗಮ್ಮ ಕರಕಲಾದ ಹಾಲಿನ ಪಾತ್ರೆ ಹಿಡಿದು ಹೊರಗೆ ಬಂದಳು.

"ನೋಡಪ್ಪ, ನಾನು ಇತ್ಲಲ್ಲಿದ್ದೆ. ಆಲು ತಳ ಇಡ್ದು ಸೀದೋದ್ರೂ ಈವಯ್ಯ ನಡುಮನೇಲಿ ಸುಮ್ನೆ ಕುಂತವ್ನೆ. ಆ ಕಾರ್ಖಾನೆ ಕೆಲ್ಸದಿಂದ ಬಂದಾಗ್ಲಿಂದ ಇಂಗೇಯ. ಸಾರಿನ ಗಮಲೂ ತಿಳಿಯಾಕಿಲ್ಲ" ಎಂದಳು.

ಮಂಚಯ್ಯ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ತಲೆ ತಗ್ಗಿಸಿದೆ. ಅಲ್ಲಿಯವರೆಗೆ ಅವನು ಅದನ್ನು ನೆಗಡಿ ಎಂದುಕೊಂಡಿದ್ದನಂತೆ.

"ಅಂಗಾದ್ರೆ ನಾನು ಇಲ್ಲ ಇಲ್ಲ ಅಂದದ್ದು..." ಎಂದವನು ಎದ್ದು ಚಪ್ಪಲಿ ಮೆಟ್ಟಿದ. "ಬೈಕ್ ತೆಗಿ" ಎಂದ.

ಹೊರಡುವ ಮುಂಚೆ ಇಂಜಿನಿಯರ್‌ಗೆ ಫೋನ್ ಮಾಡಿದೆ. "ರಿಪೋರ್ಟ್ ಹೋಗಾಯ್ತು, ಸುಮ್ನಿರಿ" ಎಂದು ಇಟ್ಟುಬಿಟ್ಟ. ಅವನ ದನಿಯಲ್ಲಿ ಗಾಬರಿಯೂ ಇರಲಿಲ್ಲ, ಆಕಳಿಕೆ ಇತ್ತು.

ನಾವು ಕಾರ್ಖಾನೆ ಪಕ್ಕದ ಆ ಹಳ್ಳಿ ತಲುಪಿದಾಗ ಬೋರ್‌ವೆಲ್ಲಿನ ಬೀಗ ತೆಗೆದು ಹದಿನೈದು ದಿನವಾಗಿತ್ತು. ನಲ್ಲಿಯ ಮುಂದೆ ಬಿಂದಿಗೆಗಳ ಸಾಲು. ಮಂಚಯ್ಯ ಬೊಗಸೆಯಲ್ಲಿ ನೀರು ಹಿಡಿದು ಮೂಗಿಗೆ ತಂದ. ಚೆಲ್ಲಿ ಮತ್ತೆ ಹಿಡಿದ. ಆಮೇಲೆ ಬೊಗಸೆಯನ್ನು ನನ್ನ ಕಡೆ ಚಾಚಿ "ನೀನು ನೋಡು ಮಗ" ಎಂದ. ನನ್ನದು ಯಾವ ಸೀಮೆಯ ಮೂಗು? ಏನೋ ಇದ್ದ ಹಾಗೂ ಇತ್ತು, ಇಲ್ಲದ ಹಾಗೂ ಇತ್ತು. ಅಷ್ಟು ಸಣ್ಣ ವಾಸನೆಯನ್ನು ಹಿಡಿಯಬಲ್ಲ ಮೂಗು ಸುತ್ತಮುತ್ತ ಒಂದೇ ಇತ್ತು, ಅದನ್ನು ನಾವು ಕೊಂದಿದ್ದೆವು.

ಅವನು ನಲ್ಲಿ ನಿಲ್ಲಿಸಿ ಅದಕ್ಕೆ ಅಡ್ಡ ನಿಂತ. "ಇದ್ನ ಕುಡೀಬ್ಯಾಡಿ ಕಣ್ರವ್ವ" ಎಂದ.

ಸಾಲಿನಲ್ಲಿ ಮುಂದಿದ್ದ ಜಯಲಕ್ಷ್ಮಮ್ಮ ಎಂಬ ಮುದುಕಿ ರೇಗಿದಳು. "ಸರಿಯಾಗದೆ ಅಂತ ಪರೀಕ್ಸೆ ಮಾಡ್ದೋರೇ ಯೋಳವ್ರೆ. ಬ್ಯಾಡ ಅನ್ನಕೆ ನೀನ್ಯಾವನಯ್ಯ?"

"ಸರಿಯಾಗದೆ ಅಂತ ಯೋಳ್ದೋನೇ ನಾನು ಕಣವ್ವ" ಎಂದ ಮಂಚಯ್ಯ.