ಎಣ್ಣಿ ಬ್ರೇಕು

ತಡವಳದಲ್ಲಿ ನಮ್ಮ ಸೋದರತ್ತೆ ಭಾಗಾಬಾಯಿಯ ಅಂಗಳದಲ್ಲಿ ಒಂದು ಪಿಕಪ್ ನಿಲ್ಲುತ್ತಿತ್ತು. ಎರಡನೇ ಮಹಾಯುದ್ಧಕ್ಕೂ ಮೊದಲಿನ ಗಾಡಿ. ಅದರಲ್ಲಿ ಮಾವ ಹುಲೆಪ್ಪ ಅಕ್ಕಲಕೋಟೆಯ ಬಜಾರಿಗೆ ಶೇಂಗಾ ಚೀಲ ಸಾಗಿಸುತ್ತಿದ್ದರು. ಪೆಡಲು ಒತ್ತಿದರೆ ಕಬ್ಬಿಣದ ಸಳಿಗಳು, ಅಂದರೆ ಸರಳುಗಳು, ಎಳೆದು ಹಿಡಿಯುವಂಥ ಹಳೆಯ ಬ್ರೇಕು. ಸಳಿಗಳ ಕೀಲು ಬಿಗಿಯದಿರಲೆಂದು ಅತ್ತೆ ದಿನಾ ಬೆಳಿಗ್ಗೆ ಗಾಡಿಯ ಕೆಳಗೆ ತೂರಿ ಒಂದೊಂದಕ್ಕೂ ಕುಸುಬಿ ಎಣ್ಣೆ ಬಿಡುತ್ತಿದ್ದರು. ಆ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ.

ಎಪ್ಪತ್ನಾಲ್ಕನೇ ಇಸವಿಯಲ್ಲಿ ಮಾವನ ಬಲ ಮೊಣಕಾಲು ಸೋಲತೊಡಗಿತು. ಸೊಲ್ಲಾಪುರದ ಮೇಸ್ತ್ರಿ ತುಕಾರಾಮ ಸಳಿಗಳನ್ನೆಲ್ಲ ಬಿಚ್ಚಿ ಹೊಸ ತರದ ಬ್ರೇಕು ಕೂರಿಸಿದ.

“ಎಣ್ಣಿ ಬ್ರೇಕ್ ರೀ ಮಾಮಾ. ಕಾಲಿನ ಬೆಳ್ಳ ಇಟ್ರ ಸಾಕು, ನಿಂದರತೈತಿ.”

“ಹಂಗಾರ ನಿಮ್ಮ ಮಾಮಿಗೆ ಕೆಲಸ ಇಲ್ಲದಂಗಾತು!” ಎಂದು ಮಾವ ನಕ್ಕರು. ಅತ್ತೆ ನಗಲಿಲ್ಲ.

ಕೆಲವು ದಿನಗಳ ಮೇಲೆ ಗಾಡಿಯ ಕಸ ಗುಡಿಸುವಾಗ ಪೆಡಲಿನ ಹತ್ತಿರ ಒಂದು ಸಣ್ಣ ಡಬ್ಬಿ ಅತ್ತೆಯ ಕಣ್ಣಿಗೆ ಬಿತ್ತು. ಮುಚ್ಚಳ ತೆಗೆದರೆ ಒಳಗಿನ ಎಣ್ಣೆ ತುಸು ತಗ್ಗಿತ್ತು. ಎಣ್ಣಿ ಬ್ರೇಕಿಗೆ ಎಣ್ಣೆ ಬೇಡವೇ? ಕುಸುಬಿ ಎಣ್ಣೆ ತಂದು ತುಂಬಿದರು. ಅದನ್ನು ಮಾವನಿಗೆ ಹೇಳಬೇಕೆಂದು ಅವರಿಗೆ ಅನ್ನಿಸಲಿಲ್ಲ.

ಪೆಡಲು ಬರಬರುತ್ತ ಕಲ್ಲಾಯಿತು. ಗಾಲಿಗಳಿಂದ ಸುಟ್ಟ ವಾಸನೆ ಬರತೊಡಗಿತು. ಮಾವ ತಮ್ಮ ಕಾಲೇ ಹೋಯಿತೆಂದು ತಿಳಿದು ಗಾಡಿಯನ್ನು ಮೇಸ್ತ್ರಿಗೆ ತೋರಿಸಲಿಲ್ಲ. ಅವರು ಹಲ್ಲು ಕಚ್ಚಿ ಒತ್ತುವುದನ್ನು ಕಂಡ ಅತ್ತೆ ಇನ್ನಷ್ಟು ಎಣ್ಣೆ ಹಾಕಿದರು.

ಒಂದು ದಿನ ಅತ್ತೆ ಹೊಲದಿಂದ ಬಂದಾಗ ಅಂಗಳ ಖಾಲಿಯಿತ್ತು.

“ಗಾಡಿ ಎಲ್ಲೈತ್ರಿ?”

“ಹನ್ನೂರ ಪೀರಪ್ಪಗ ಮಾರಿದೆ. ಚೀಲ ಹೇರಿ, ಇಬ್ಬರು ಹೆಣ್ಮಕ್ಕಳನ್ನ ಕೂಡಿಸ್ಕೊಂಡು ಈಗ ಹೋಗ್ಯಾನ. ನನ್ನ ಕಾಲಾಗ ಕಸುವಿಲ್ಲ, ಬ್ರೇಕ್ ಒತ್ತಾಕ ಆಗವಲ್ದು.”

“ಬಿಗಿ ಯಾಕಾತು? ನಾ ಎಣ್ಣಿ ಹಾಕ್ತೀನಲ್ಲ?”

“ಎಲ್ಲಿ ಹಾಕ್ತಿ?”

“ಆ ಡಬ್ಬ್ಯಾಗ. ಮನ್ಯಾಗಿನ ಕುಸುಬಿ ಎಣ್ಣಿ.”

ಮಾವ ಎದ್ದು ನಿಂತರು. ಬ್ರೇಕಿನ ಎಣ್ಣೆಯೇ ಬೇರೆ, ಮತ್ತೊಂದು ಬಿದ್ದರೆ ಒಳಗಿನ ರಬ್ಬರು ಉಬ್ಬಿ ಕೊನೆಗೆ ಹರಿಯುತ್ತದೆ, ಬ್ರೇಕು ಒಮ್ಮೆಲೇ ಕೈಕೊಡುತ್ತದೆ ಎಂದು ತುಕಾರಾಮ ಅವರೊಬ್ಬರಿಗೇ ಹೇಳಿದ್ದ. ಅವರು ಮನೆಯಲ್ಲಿ ಹೇಳಿರಲಿಲ್ಲ. ಹನ್ನೂರಿನ ದಾರಿಯಲ್ಲಿ ಹಳ್ಳದ ಇಳಿಜಾರಿತ್ತು.

ಸಿಕ್ಕಿದ ಲಾರಿ ಹತ್ತಿ ಇಬ್ಬರೂ ಹೋದರು. ಇಳಿಜಾರಿನ ತಲೆಯಲ್ಲೇ ಲಾರಿಯವನು ವೇಗ ಕಡಿಮೆ ಮಾಡಿದ. ಕೆಳಗೆ ಮಂದಿ ಸೇರಿದ್ದರು. ಪಿಕಪ್ ಹಳ್ಳದಲ್ಲಿ ಮಗುಚಿತ್ತು. ಒಬ್ಬ ಹೆಂಗಸು ದಂಡೆಯ ಮೇಲೆ ತಲೆ ಹಿಡಿದು ಕೂತಿದ್ದಳು. ಇನ್ನೊಬ್ಬಳನ್ನು ಚೀಲಗಳ ಕೆಳಗಿಂದ ಎತ್ತುತ್ತಿದ್ದರು. ಉಸಿರಿತ್ತು, ಕಣ್ಣು ತೆರೆದಿರಲಿಲ್ಲ.

“ಒತ್ತಿದೆ ಮಾಮಾ, ಕಾಲು ಸೀದಾ ತಳಕ್ಕ ಹೋತು,” ಎಂದ ಪೀರಪ್ಪ. “ಏನ್ ಕೊಟ್ಟಿ ನನಗ?”

“ಹಳೀ ಗಾಡಿಯಪ್ಪಾ...” ಎನ್ನುತ್ತ ಮಾವ, ಬಾಯಿ ಬಿಡಬೇಡವೆಂಬಂತೆ ಅತ್ತೆಯ ಮೊಣಕೈ ಹಿಡಿದು ಒತ್ತಿದರು.

ಅತ್ತೆ ಕೈ ಬಿಡಿಸಿಕೊಂಡು, ಎತ್ತುತ್ತಿದ್ದವರ ಹತ್ತಿರ ಹೋಗಿ ಪ್ರಜ್ಞೆಯಿಲ್ಲದ ಹೆಂಗಸಿನ ಕಾಲುಗಳನ್ನು ತಾವೂ ಎತ್ತಿ ಹಿಡಿದರು. “ಬ್ರೇಕಿಗೆ ಎಣ್ಣಿ ಹಾಕಿದಾಕಿ ನಾನು,” ಎಂದು ಪೀರಪ್ಪನಿಗೆ ಹೇಳಿದರು.