ಆದಿಲಕ್ಷ್ಮಮ್ಮನವರ ಕುಡುಗೋಲು

ಆದಿಲಕ್ಷ್ಮಮ್ಮನವರನ್ನು ನಾನು ಮೊದಲು ನೋಡಿದ್ದು ಮೂರು ವರ್ಷದ ಹಿಂದೆ, ತೊಂಡೇಬಾವಿಯ ಹತ್ತಿರದ ಅವರ ಹಳ್ಳಿಯಲ್ಲಿ. ಆರೋಗ್ಯ ಸಮೀಕ್ಷೆಯ ಫಾರಂ ಹಿಡಿದು ಮನೆಮನೆಗೆ ಹೋಗುವುದು ಆಗ ನನ್ನ ಕೆಲಸ. ಬೆಳಗಿನ ಹನ್ನೊಂದು ಗಂಟೆ. ಅವರು ಜಗಲಿಯ ಮೇಲೆ ಗೋಡೆಗೆ ಒರಗಿ, ಎಡಗಾಲನ್ನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಚಾಚಿ ಕೂತಿದ್ದರು. ಪಾದಕ್ಕೆ ಬಟ್ಟೆ ಸುತ್ತಿತ್ತು. ಕಿರುಬೆರಳು ಇರಬೇಕಾದ ಕಡೆ ಬಟ್ಟೆ ಚಪ್ಪಟೆಯಾಗಿತ್ತು.

"ದಿನಕ್ಕೆ ಎಷ್ಟು ಹೊತ್ತು ನಡೀತೀರಮ್ಮ?" ಎಂದೆ.

"ಎಲ್ಲಿಗಂತ ನಡೀಲಪ್ಪ?" ಎಂದರು.

ಮೊದಲು ನೀರಿಗೆ ಊರಾಚೆಯ ಬಾವಿಗೆ, ಹುಲ್ಲಿಗೆ ಕೆರೆ ಕಟ್ಟೆಗೆ ಹೋಗುತ್ತಿದ್ದರಂತೆ. ನಲ್ಲಿ ಅಂಗಳಕ್ಕೇ ಬಂತು. ಗಂಡ ತೀರಿಕೊಂಡ ಮೇಲೆ ಹಸುವನ್ನು ಮಾರಿದರು. ಮನೆ ಬಿಟ್ಟು ಹೊರಡಲು ಕಾರಣವೇ ಉಳಿಯಲಿಲ್ಲ, ಟಿವಿ ಮುಂದೆ ಕೂತರು. ಸಕ್ಕರೆ ಕಾಯಿಲೆ ಬಂತು. ಗಾಯ ಮಾಗದೆ ಬೆರಳು ಹೋಯಿತು. ಹುಣ್ಣು ಒಣಗಿದ ಮೇಲೆ ದಿನಾ ಒಂದು ಗಂಟೆ ನಡೆಯಬೇಕು, ಸಕ್ಕರೆ ಇಳಿಯದಿದ್ದರೆ ಪಾದವನ್ನೇ ತೆಗೆಯಬೇಕಾಗುತ್ತದೆ ಎಂದು ಗೌರಿಬಿದನೂರಿನ ಡಾಕ್ಟರು ಹೇಳಿದ್ದರು.

ನಾನು ಬಂದು ಹೋದ ಮೇಲೆ, ಹುಣ್ಣು ಒಣಗಿದಾಗ ನಡೆದೂ ನೋಡಿದರಂತೆ. ನಮ್ಮ ಕಡೆ ಹೆಂಗಸು ಕೈಯಲ್ಲಿ ಬಿಂದಿಗೆಯೋ ಬುಟ್ಟಿಯೋ ಇಲ್ಲದೆ ಹೋದರೆ ಎದುರಾದವರೆಲ್ಲ ಎಲ್ಲಿಗೆಂದು ಕೇಳುತ್ತಾರೆ. ಅಂಗಡಿ ಕಟ್ಟೆಯ ಮೇಲಿದ್ದ ಎರ್ರಪ್ಪ, "ಏನಕ್ಕಾ, ಬೆಂಗ್ಳೂರ್ ಮೇಡಮ್ ತರ ಬರೀ ಕೈ ಬೀಸ್ಕೊಂಡು ಹೊರಟೆ?" ಎಂದ. ಕೂತಿದ್ದವರೆಲ್ಲ ನಕ್ಕರು. ಮೂರನೆಯ ದಿನ ಅವರು ಹೊಸಿಲು ದಾಟಲಿಲ್ಲ.

ಪಾದದ ಭಯ ಮಾತ್ರ ಬಿಡಲಿಲ್ಲ. ಒಂದು ಬೆಳಿಗ್ಗೆ ಸೂರಿನಲ್ಲಿ ಸಿಕ್ಕಿಸಿದ್ದ ಹಳೆಯ ಕುಡುಗೋಲು ತೆಗೆದು, ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಅದೇ ಅಂಗಡಿಯ ಮುಂದೆ ಹಾದು ಹೋದರು. ಯಾರೂ ತಲೆ ಎತ್ತಲಿಲ್ಲ. ಕೆರೆ ಕಟ್ಟೆಯ ಕೊನೆಯವರೆಗೆ ನಡೆದು ಖಾಲಿ ಚೀಲದೊಂದಿಗೆ ಹಿಂತಿರುಗಿದರು. ಹೀಗೆ ಹದಿನೈದು ದಿನ ಕಳೆಯಿತು.

ಕೊನೆಗೆ ಪಕ್ಕದ ಮನೆಯ ಕೋನಪ್ಪ ಅಡ್ಡ ನಿಂತ. "ಅಕ್ಕಾ, ನೀನು ಹಸು ಮಾರಿ ನಾಕ್ ವರ್ಷ ಆಯ್ತು. ದಿನಾ ಹುಲ್ಲಿಗೆ ಹೋಗ್ತೀಯ, ಚೀಲ ನೋಡಿದ್ರೆ ಖಾಲಿ. ಅಲ್ಲೇ ಮೇಯ್ಕೊಂಡು ಬರ್ತೀಯಾ?"

ನಿಜ ಹೇಳಿದರೆ ಮತ್ತೆ ಜಗಲಿಯೇ ಗತಿ ಎಂದು ಅವರಿಗೆ ಗೊತ್ತಿತ್ತು. ಅವನ ಕೊಟ್ಟಿಗೆಯ ಕಡೆ ನೋಡಿದರು.

"ನಿನ್ ಹಸುಗೇ ಕಣೋ. ಪಕ್ಕೆ ಮೂಳೆ ಎಣಿಸಂಗದೆ. ಹುಲ್ಲು ಎಲ್ಲಿದೆ ಅಂತ ನೋಡ್ತಿದ್ದೆ, ನಾಳೆಯಿಂದ ತಂದು ಹಾಕ್ತೀನಿ."

ಮಾತು ಕೊಟ್ಟ ಮೇಲೆ ತಪ್ಪಿಸುವಂತಿರಲಿಲ್ಲ. ಈ ವರ್ಷ ನಾನು ಫಾರಂ ಹಿಡಿದು ಮತ್ತೆ ಹೋದಾಗ ಪಾದ ಉಳಿದಿತ್ತು. ವ್ಯಾಯಾಮಕ್ಕೆ ನಡೆಯುತ್ತೀರಾ ಎಂಬ ಪ್ರಶ್ನೆಗೆ, "ಇಲ್ಲಪ್ಪ, ಹುಲ್ಲಿಗೆ ಹೋಗ್ತೀನಿ" ಎಂದರು.

ಆದಿಲಕ್ಷ್ಮಮ್ಮನವರು ಈಗ ದಿನಾ ಬೆಳಿಗ್ಗೆ ಆರಕ್ಕೆ ಕೆರೆ ಕಟ್ಟೆಗೆ ನಡೆದು ಹೋಗಿ, ಕೋನಪ್ಪನ ಹಸುವಿಗೆ ಒಂದು ಚೀಲ ಹುಲ್ಲು ಕೊಯ್ದು ತರುತ್ತಾರೆ.